ಘಟ್ಟದಾಗ ಪಾಸಾದ ನೀಲಿ ಶ್ಯಾವಂತಿಗಿ

ನಮ್ಮ ಮನಿ ಗಚ್ಚಿ ಮ್ಯಾಲೆ ತಿನ್ನಾಕ ಬರಲಾರದ ಗಿಡಕ್ಕ ಜಾಗಾ ಇಲ್ಲ ಅಂತ ನಮ್ಮ ಅತ್ತಿಯವರ ಕಾಯ್ದೆ ಇತ್ತು. ಸೊಲ್ಲಾಪುರದಾಗ ನಮ್ಮಂಥ ಪೇಟಿ ಮಂದಿಗೆ ಕೆಳಗ ಅಂಗಡಿ, ನಡುವ ಮನಿ, ಮ್ಯಾಲೆ ಗಚ್ಚಿ. ಅಂಗಳ ಅನ್ನೂದು ಇಲ್ಲ. ಹಪ್ಪಳ ಒಣಗಿಸೂದೂ ಗಚ್ಚಿ ಮ್ಯಾಲೆ, ತೋಟ ಮಾಡೂದೂ ಗಚ್ಚಿ ಮ್ಯಾಲೆ. ಹಳೇ ಬಣ್ಣದ ಬಕೀಟು, ಅರ್ಧಾ ಕೊಯ್ದ ನೀರಿನ ಡ್ರಮ್ಮು, ಒಡದ ಟಬ್ಬು, ಎಲ್ಲಾದರಾಗೂ ಮಣ್ಣು ತುಂಬಿ ಅತ್ತಿಯವರು ಮೆಂತ್ಯೆ, ಪಾಲಕ, ಮೂಲಂಗಿ, ಬದನಿ, ಚವಳಿಕಾಯಿ ಹಾಕ್ತಿದ್ರು. ಹೀರಿ ಬಳ್ಳಿ ಟಿವಿ ಡಿಶ್ಶಿಗೆ ಸುತಗೊಂಡು ನಿಂತಿರ್ತಿತ್ತು. ತುಳಸಿಗೆ ಮಾತ್ರ ಮಾಫಿ, ಯಾಕಂದ್ರ ಆಕಿ ದೇವರು, ಮ್ಯಾಲೆ ಕೆಮ್ಮಿನ ಕಷಾಯಕ್ಕೂ ಆಗತಾಳ.

"ಒಂದ ಟಬ್ಬಿನಾಗ ಹೂವ ಹಾಕೂಣ್ರಿ ಅತ್ತಿ" ಅಂತ ನಾ ವರ್ಷಾ ಕೇಳಾಕಿ.

"ಹೂವ ಬೇಕಂದ್ರ ಬಜಾರದಾಗ ಸಿಗತಾವಲ್ಲವಾ."

"ಬಜಾರದಾಗ ಬದನಿಕಾಯಿನೂ ಸಿಗತಾವ್ರಿ."

"ನೀ ಭಾಳ ಮಾತಾಡತಿ ನೋಡು" ಅಂತ ಅವರು ಎದ್ದು ಹೋಗೋರು. ಅಲ್ಲಿಗೆ ಆ ವರ್ಷದ ಚರ್ಚಾ ಮುಗೀತಿತ್ತು.

ನನ್ನ ಮೂಗಿನ ತುದಿ ಮ್ಯಾಲೆ ಸಿಟ್ಟು ಇರ್ತದ ಅಂತ ಮಂದಿ ಅಂತಾರ. ಸುಳ್ಳು. ಸಿಟ್ಟು ಒಳಗ ಇರ್ತದ, ಹೊರಗ ಬರಾಕ ಹೊತ್ತು ಹಿಡಿಯೂದಿಲ್ಲ ಅಷ್ಟ. ಆದ್ರ ಹೂವಿನ ವಿಷಯದಾಗ ನಂದು ಬರೇ ಹಟ ಇರಲಿಲ್ಲ. ನಾ ಹುಟ್ಟಿದ್ದು ಸೀರಿ ಅಂಗಡಿ ಮನ್ಯಾಗ. ಸಾಲಿ ಬಿಟ್ಟ ಕೂಡ್ಲೆ ದಫ್ತರ ಒಗದು ಅಂಗಡಿ ಗಾದಿ ಮ್ಯಾಲೆ ಹೋಗಿ ಕೂಡ್ರಾಕಿ. ಈ ಅಂಚಿಗೆ ಯಾವ ಸೆರಗು ಒಪ್ಪತದ, ಈ ಹಸರಿನ ಬಾಜೂಕ ಯಾವ ಕೆಂಪು ಕೂಡ್ರತದ ಅಂತ ನಮ್ಮಪ್ಪ ಗಿರಾಕಿ ಮುಂದ ನನ್ನನ್ನ ಕೇಳಾಂವ. ನಾ ಹೇಳಿದ್ದನ್ನ ಗಿರಾಕಿ ಒಯ್ದಳಂದ್ರ ಅವತ್ತು ನನಗ ಊಟ ಸೇರತಿರಲಿಲ್ಲ, ಅಷ್ಟು ಖುಷಿ.

ಮದವಿಯಾಗಿ ಬಂದಿದ್ದೂ ಅರಿವಿ ಧಂದೆದವರ ಮನಿಗೇ, ಆದ್ರ ಇವರದು ಚಾದರು, ಟಾವೆಲ್ಲಿನ ಸಗಟು ವ್ಯಾಪಾರ. ಮನಿ ಗ್ವಾಡಿ ಬದಾಮಿ ಬಣ್ಣ, ಪಡದೆ ಬದಾಮಿ ಬಣ್ಣ, ಸೋಫಾದ ಕವರೂ ಬದಾಮಿ. ನಮ್ಮ ಮಾವನವರು ಇದ್ದಾಗ ಆರಿಸಿದ್ದು. ಅವರು ಹೋದ ಮ್ಯಾಲೂ ಸುಣ್ಣದವ ಬಂದಾಗೊಮ್ಮೆ "ಮೊದಲಿಂದ ಹಚ್ಚಪ್ಪಾ" ಅಂತ ಹೇಳೂದು. ಯಾರೂ ನನಗ ತ್ರಾಸ ಕೊಟ್ಟವರಲ್ಲ, ಸುಳ್ಳು ಹೇಳಬಾರದು. ಉಣ್ಣಾಕ ಉಡಾಕ ಏನೂ ಕಮ್ಮಿ ಇಲ್ಲ. ಆದ್ರ ಇದು ನಾ ಆರಿಸಿದ ಬಣ್ಣ ಅಂತ ತೋರಸಾಕ ಈ ಮನ್ಯಾಗ ಒಂದು ವಸ್ತು ಇರಲಿಲ್ಲ. ಮಕ್ಕಳು ದೊಡ್ಡವಾಗಿ ತಮ್ಮ ತಮ್ಮ ಫೋನಿನಾಗ ಸೇರಿಕೊಂಡ ಮ್ಯಾಲೆ ನನಗ ಇದು ಭಾಳ ಕಾಡಾಕ ಹತ್ತಿತ್ತು. ಒಂದ ಟಬ್ಬು ಸಾಕಾಗಿತ್ತು ನನಗ. ಅದರಾಗಿನ ಬಣ್ಣ ನಂದಾಗಿರಬೇಕು.

ಹ್ವಾದ ವರ್ಷ ನವರಾತ್ರಿ ಮುಂದ ಬಂದಾಗ ನಾ ಸೋಲಬಾರದು ಅಂತ ಗಟ್ಟಿ ಮನಸ್ಸು ಮಾಡಿದೆ. ನಮ್ಮ ಮನ್ಯಾಗ ನವರಾತ್ರಿಗೆ ಘಟ್ಟ ಹಾಕತಾರ. ಮೊದಲನೇ ದಿನ ದೇವರ ಮನ್ಯಾಗ ಬಿದರಿನ ಬುಟ್ಟಿಗೆ ಮಣ್ಣು ಹಾಕಿ, ಜ್ವಾಳ, ಗೋದಿ, ಕಡ್ಲಿ ಎಲ್ಲಾ ಕಾಳು ಬಿತ್ತಿ, ನಡುವ ನೀರಿನ ಗಡಿಗಿ ಕೂಡ್ರಿಸೂದು. ಒಂಬತ್ತು ದಿನ ದೀಪ ಆರಬಾರದು. ದಸರಾಕ್ಕ ಆ ಸಸಿ ಕಿತ್ತು ಗಂಡಸರ ಟೊಪ್ಪಿಗ್ಯಾಗ, ಹೆಣ್ಣಮಕ್ಕಳ ಹೆರಳಾಗ ಇಡೂದು. ಇದು ಎಲ್ಲಾರ ಮನ್ಯಾಗೂ ಇರೂದ. ನಮ್ಮ ಅತ್ತಿಯವರದು ಇನ್ನೂ ಒಂದು ಮಜಲು ಮುಂದ ಇತ್ತು.

ಅವರ ತವರು ಅಕ್ಕಲಕೋಟಿ ಕಡೆ ಹನ್ನೂರ. ಅಲ್ಲೆ ಅವರು ಸಣ್ಣವರಿದ್ದಾಗ ಹಿಂಗಾರಿ ಜ್ವಾಳದ ಬೀಜ ಘಟ್ಟದಾಗ ನೋಡೇ ಆರಸ್ತಿದ್ರಂತ. ಮನ್ಯಾಗಿನ ಒಂದೊಂದು ಚೀಲದ ಕಾಳು ಬ್ಯಾರೆ ಬ್ಯಾರೆ ಮೂಲ್ಯಾಗ ಬಿತ್ತಿ, ಯಾವುದು ಒತ್ತಾಗಿ ಎದ್ದದನೋ ಆ ಚೀಲದ ಬೀಜ ಹೊಲಕ್ಕ. ಎದ್ದಿಲ್ಲಾಂದ್ರ ಅದು ರೊಟ್ಟಿಗೆ. ಸೊಲ್ಲಾಪುರಕ್ಕ ಬಂದ ಮ್ಯಾಲೆ ಹೊಲ ಇಲ್ಲ, ಆದ್ರ ರೂಢಿ ಹೋಗಬೇಕಲ್ಲ? ಘಟ್ಟದ ಬಾಜೂಕ ಮಣ್ಣಿನ ಸಣ್ಣ ಸಣ್ಣ ಬಟ್ಟಲ ಜೋಡಿಸಿ ಒಂದೊಂದರಾಗ ಒಂದೊಂದು ಕಾಯಿಪಲ್ಲೆ ಬೀಜ ಹಾಕತಿದ್ರು. ಹನ್ನೂರಿಂದ ಅವರ ತಮ್ಮ ಕಳಸಿದ ಎರಿ ಮಣ್ಣು ಬೇಕು, ಬ್ಯಾರೆ ನಡೆಯೂದಿಲ್ಲ. ನೀರು ಹನಿಸೂದು ಅವರೊಬ್ಬರ. ದಸರಾದ ದಿನ ಯಾವ ಬಟ್ಟಲದಾಗ ಸಸಿ ಎದ್ದಾವೋ ಆ ಬೀಜಕ್ಕ ಗಚ್ಚಿ ಮ್ಯಾಲೆ ಟಬ್ಬು. ಬಟ್ಟಲ ಬೋಳ ಇತ್ತಂದ್ರ ಆ ಪಾಕೀಟು ಗುಬ್ಬಿಗೆ. ದೇವಿನ ಬ್ಯಾಡ ಅಂದಾಳ, ಮತ್ತ ಕೇಳಬಾರದು.

"ಹೂವಿನ ಬೀಜಾನೂ ಪರೀಕ್ಷಾಕ್ಕ ಕೂಡ್ರಸ್ರಿ" ಅಂದೆ ನಾ. "ಪಾಸಾದ್ರ ಟಬ್ಬು ಕೊಡ್ರಿ. ಕಾಯಿಪಲ್ಲೆಗೆ ಒಂದು ನ್ಯಾಯ, ಹೂವಿಗೆ ಒಂದು ನ್ಯಾಯ ಏನ್ರಿ ದೇವಿ ಮುಂದ?"

ದೇವಿ ಹೆಸರ ತಗದದ್ದಕ್ಕ ಅತ್ತಿ ಸಿಕ್ಕೊಂಡ್ರು. ನಮ್ಮ ಮನಿಯವರು ತಾಟಿನ ಮುಂದ ಕೂತು ಮುಸಿ ಮುಸಿ ನಗಾಕ ಹತ್ತಿದ್ರು. ಅತ್ತಿ ಮಗನ ಕಡೆ ಒಂದು ಸಲ, ನನ್ನ ಕಡೆ ಒಂದು ಸಲ ನೋಡಿ, "ಆತು. ಇಡು. ಎದ್ದ್ರ ಟಬ್ಬು ನಿಂದು. ಏಳಲಿಲ್ಲಾಂದ್ರ ಈ ಜನ್ಮದಾಗ ಹೂವಿನ ಸುದ್ದಿ ತಗೀಬಾರದು" ಅಂದ್ರು.

"ಆತ್ರಿ" ಅಂದೆ. ಅಂದಮ್ಯಾಲೆ ತಿಳೀತು. ಈ ಜನ್ಮ ಅಂದ್ರ ಸಣ್ಣ ಮಾತೇನು?

ಮುಂದ ಬಂದ ಗುರುವಾರ ನಾವು ಗಂಡ ಹೆಂಡತಿ ಅಕ್ಕಲಕೋಟಿಗೆ ಸ್ವಾಮಿ ದರ್ಶನಕ್ಕ ಹೋದ್ವಿ. ದರ್ಶನ ಆತು, ಪ್ರಸಾದ ಆತು, ನಮ್ಮ ಮನಿಯವರು ಚಪ್ಪಲಿ ಹುಡುಕಾಕ ಹತ್ತಿದ್ರು. ರಸ್ತಾದ ಬಾಜೂಕ ಒಬ್ಬ ಮನಷ್ಯಾ ಛತ್ರಿ ಬೋರಲ ಇಟ್ಟು ಅದರ ತುಂಬ ಬೀಜದ ಪಾಕೀಟು ಹರವಿಕೊಂಡು ಕೂತಿದ್ದ. ಏನು ಬಣ್ಣ ಅಂತೀರಿ! ಕರೇ ಗುಲಾಬಿ, ಹಸರ ದಾಸಾಳ, ಒಂದ ಗಿಡಕ್ಕ ಏಳು ಬಣ್ಣದ ಹೂವ. ನಡುವ ಒಂದು ಪಾಕೀಟಿನ ಮ್ಯಾಲೆ ನೀಲಿ ಶ್ಯಾವಂತಿಗಿ. ನವಿಲಿನ ಕುತಿಗಿ ಇರ್ತದಲ್ಲ, ಅಂಥಾ ನೀಲಿ. ಆ ಬಣ್ಣದ ಸೀರಿ ನಮ್ಮಪ್ಪನ ಅಂಗಡ್ಯಾಗ ಬಂದ್ರ ಸಂಜಿತನ ಉಳೀತಿರಲಿಲ್ಲ. ನನ್ನ ಕಾಲು ಅಲ್ಲೇ ನಿಂತ್ವು.

"ಘ್ಯಾ ತಾಯಿ, ಓರಿಜಿನಲ್" ಅಂತ ಮರಾಠಿಲೆ ಸುರು ಮಾಡಿದ. ನಾ ಕನ್ನಡದಾಗ ಬಾಯಿ ತಗದ ಕೂಡ್ಲೆ ಅವನೂ ಕನ್ನಡಕ್ಕ ಬಂದ. "ಹೊರದೇಶದ್ದರಿ. ಇಂಥಾದ್ದು ಸೊಲ್ಲಾಪುರದಾಗ ಹುಡುಕಿದ್ರೂ ಸಿಗೂದಿಲ್ಲ."

ಇಲ್ಲೇ ನನ್ನ ತವರಿನ ಬುದ್ಧಿ ನನಗ ಕೈ ಕೊಡ್ತು. ನಮ್ಮ ಧಂದೆದಾಗ ನಮೂನಿ ಕಾರ್ಡ ಇರ್ತದ. ಕಾರ್ಡಿನ ಮ್ಯಾಲೆ ಯಾವ ಬಣ್ಣ ತೋರಸ್ತಾರೋ ಅದ ಬಣ್ಣದ ಮಾಲು ಬರಬೇಕು, ಇಲ್ಲಾಂದ್ರ ಗಂಟು ಕಟ್ಟಿ ವಾಪಸ್ ಕಳಸೂದು. ಹುಟ್ಟಿದಾಗಿಂದ ಅದನ್ನ ನೋಡೀನಿ. ಬೀಜದ ಪಾಕೀಟಿನ ಚಿತ್ರಾನೂ ಹಂಗ ಇರ್ತದ ಅಂತ ತಿಳದೆ. ಒಳಗಿನ ಬೀಜ ಹೆಂಗವ ಅಂತ ಒಂದ ಸಲನೂ ಕೇಳಲಿಲ್ಲ. ಪಾಕೀಟು ಎತ್ತಿ ಬಿಸಲಿಗೆ ಹಿಡದು ನೋಡಿದೆ, ನೆರಳಿಗೆ ಹಿಡದು ನೋಡಿದೆ, ಅಂಥಾವ ಹತ್ತ ತಗಸಿ ಒಂದರ ಬಣ್ಣ ತೆಳು ಅದ, ಒಂದರದು ಮಬ್ಬ ಅದ ಅಂತ ಎಲ್ಲಾ ಬಾಜೂಕ ಸರಿಸಿ, ಗಡದ್ದ ಛಾಪಾ ಆದದ್ದೊಂದು ಆರಿಸಿದೆ.

"ಬಣ್ಣ ಇದ ಬರ್ತದಲ್ಲಾ?"

"ಇದಕ್ಕಿಂತ ಗಡದ್ದ ಬರ್ತದರಿ."

"ಬಿಸಲಿಗೆ ಬಣ್ಣ ಹಾರೂದಿಲ್ಲಲ್ಲಾ?"

"ತಾಯಿ, ಇದು ಹೂವರಿ, ಸೀರಿ ಅಲ್ಲ" ಅಂದ ಆತ. ನಮ್ಮ ಮನಿಯವರು ಒಂದ ಕಾಲಾಗ ಚಪ್ಪಲಿ ಹಾಕೊಂಡು ಬಂದು ಈ ಮಾತು ಕೇಳಿ ರಸ್ತಾದಾಗ ನಿಂತು ನಕ್ಕರು. ನಾ ಪಾಕೀಟು ಪರ್ಸಿನಾಗ ಹಾಕೊಂಡು ಝಿಪ್ಪು ಎಳದೆ.

ಘಟ್ಟ ಕೂಡ್ರಿಸೂ ದಿನ ಅತ್ತಿ ಒಂದೊಂದ ಬೀಜ ಬಟ್ಟಲದಾಗ ಊರಾಕ ಹತ್ತಿದ್ರು. ನನ್ನ ಪಾಕೀಟು ಒಡದು ಅಂಗೈ ಮ್ಯಾಲೆ ಸುರಿಕೊಂಡ್ರು. ಬೆರಳಿಲೆ ಒಂದೀಟು ತಿಕ್ಕಿ ನೋಡಿದ್ರು. "ಹ್ಞೂಂ" ಅಂದ್ರು. "ಯಾಕ್ರಿ?" ಅಂದೆ. "ಏನಿಲ್ಲ, ಭಾಳ ಸಣ್ಣವ ಅದಾವು" ಅಂದು ಬಟ್ಟಲದಾಗ ಹಾಕಿ ಮಣ್ಣು ಮುಚ್ಚಿದ್ರು.

ಆಮ್ಯಾಲಿನ ದಿನಗಳಾಗ ಒದ್ದಾಡಿದಷ್ಟು ನಾ ನನ್ನ ಮಕ್ಕಳ ಹತ್ತನೇ ಕ್ಲಾಸಿನ ಪರೀಕ್ಷಾದ ರಿಝಲ್ಟಿಗೂ ಒದ್ದಾಡಿಲ್ಲ. ಮೂರನೇ ದಿನಕ್ಕ ಮೂಲಂಗಿ ಎದ್ದು ನಿಂತಿತು. ಅದರ ಬೆನ್ನ ಹಿಂದ ಮೆಂತ್ಯೆ. ಚವಳಿ ಮಣ್ಣು ಒಡದು ಗೋಣು ಎತ್ತಾಕ ಹತ್ತಿತ್ತು. ನನ್ನ ಬಟ್ಟಲ ನುಣ್ಣಗ ಬೋಳ. ದೇವರ ಮನಿಗೆ ಹೋಗಿ ಕೈ ಮುಗಿಯೂ ನೆವ ಮಾಡಿ ಬಗ್ಗಿ ಬಗ್ಗಿ ನೋಡಾಕಿ. ಅತ್ತಿ ಉಪವಾಸದಾಗ ಇದ್ದವರು ಶಾಬೂದಾಣಿ ತಿನ್ಕೋತ ನನ್ನನ್ನ ಗಪ್ಪಗ ನೋಡೋರು. ಒಂದ ಸಲನರ ಅಣಕಿಸಿದ್ರ ಜಗಳಾಡಿ ಹಗರಾಗತಿದ್ದೆ. ಅಣಕಿಸಲಿಲ್ಲ. ಅದು ಇನ್ನೂ ಉರೀತಿತ್ತು.

ಆರನೇ ದಿನ ಮಧ್ಯಾಹ್ನ ನೋಡತೀನಿ, ಎರಡು ಹಸರ ಎಲಿ! ಬಾಜೂಕ ಇನ್ನೊಂದು! ಅಯ್ಯ ನಮ್ಮವ್ವಾ, ಒದರಿದೆ ನೋಡ್ರಿ. ಉಂಡು ಮಲಗಿದ್ದ ನಮ್ಮ ಮನಿಯವರು ಏನೋ ಸಿಲಿಂಡರ ಸಿಡದದ ಅಂತ ಎದ್ದು ಓಡಿ ಬಂದ್ರು.

"ಎದ್ದಾವ್ರಿ, ನನ್ನ ಶ್ಯಾವಂತಿಗಿ ಎದ್ದಾವ!"

"ಅದಕ್ಕ ಹಿಂಗ ಒದರೂದಾ?" ಅಂತ ಮತ್ತ ಹೋಗಿ ಮಲಕೊಂಡ್ರು. ಅತ್ತಿ ಮಾತ್ರ ಬಾಗಲದಾಗ ನಿಂತು, "ದೇವಿ ಕಣ್ಣು ಬಿಟ್ಟಾಳ ಬಿಡು" ಅಂದ್ರು. ದಸರಾದ ದಿನ ಮಗನ ಟೊಪ್ಪಿಗ್ಯಾಗ ಜ್ವಾಳದ ಸಸಿ ಸಿಗಿಸಿ, ನನ್ನ ಬಟ್ಟಲ ಎತ್ತಿ ನನ್ನ ಎರಡೂ ಕೈಯಾಗ ಕೊಟ್ಟರು. "ಒಯ್ಯಿ. ತುಳಸಿ ಬಾಜೂಕಿನ ಟಬ್ಬು ನಿಂದು." ಅದು ಗಚ್ಚಿ ಮ್ಯಾಲಿನ ಭಾರೀ ಟಬ್ಬು, ಮುಂಜಾನಿ ಬಿಸಲು ಪೂರಾ ಬೀಳತದ. ನಾ ಖುಷಿಲೆ ಅವರ ಕಾಲಿಗೆ ಬಿದ್ದೆ. ದಸರಾಕ್ಕ ಹೆಂಗೂ ಬೀಳೂದಿತ್ತು ಅನ್ರಿ, ಆದ್ರ ಅವತ್ತು ಮನಸಿಲೆ ಬಿದ್ದೆ.

ಅಲ್ಲಿಂದ ನನ್ನ ಜಂಬ ಕೇಳಬ್ಯಾಡ್ರಿ. ಓಣಿ ಹೆಣ್ಣಮಕ್ಕಳ ವಾಟ್ಸಪ್ಪ ಗ್ರುಪ್ಪಿನಾಗ ದಿನಾ ಒಂದು ಫೋಟೋ. "ನೀಲಿ ಶ್ಯಾವಂತಿಗಿ, ಬರಾಕ ಹತ್ಯದ." ಯಾರೋ ನನಗೊಂದು ಸಸಿ ಬೇಕಂದ್ರು, ಯಾರೋ ಗೌರಿ ಹುಣ್ಣಿವಿಗೆ ಎರಡು ಹೂವ ಈಗ ಹೇಳಿ ಇಡತೀನಿ ಅಂದ್ರು. ಎಲಿ ಉದ್ದುದ್ದ, ಅಂಚು ಕೊರದಂಗ ಬಂದ್ವು. ಒಬ್ಬಾಕಿ, "ವೈನಿ, ಇದು ಚೆಂಡು ಹೂವಿನ ಎಲಿ ಇದ್ದಂಗ ಕಾಣತದಲ್ಲ" ಅಂತ ಬರದ್ಲು. ನಾ ಆಕಿಗೆ ಉತ್ತರಾನ ಕೊಡಲಿಲ್ಲ. ಹೊರದೇಶದ ಶ್ಯಾವಂತಿಗಿ ಎಲಿ ಆಕಿ ಎಲ್ಲಿ ನೋಡ್ಯಾಳ?

ಥಂಡಿ ಬಿದ್ದು, ಮೊಗ್ಗಿ ಬಂದು, ಒಂದಿನ ಮುಂಜಾನಿ ಚಹಾ ಹಿಡಕೊಂಡು ಗಚ್ಚಿಗೆ ಹೋದೆ. ಹೂವ ಅರಳಿತ್ತು. ಕೇಸರಿ ಬಣ್ಣದ ಚೆಂಡು ಹೂವ. ನಮ್ಮ ಓಣಿ ಮೂಲ್ಯಾಗ ಗಂಪಾ ತುಂಬ ಇಟ್ಟು ಮಾರತಾರಲ್ಲ, ಲಾರಿ ಮೂತಿಗೆ ಕಟ್ಟತಾರಲ್ಲ, ಅದ ಚೆಂಡು ಹೂವ.

ಸಿಟ್ಟು ನೆತ್ತಿಗೇರಿತು. ಆ ಛತ್ರಿಯವ ನನಗ ಟೊಪ್ಪಿಗಿ ಹಾಕ್ಯಾನ! ನೀಲಿ ಅಂತ ತೋರಿಸಿ ಕೇಸರಿ ಕಟ್ಯಾನ! ನಮೂನಿ ಒಂದು, ಮಾಲು ಒಂದು! ಅರಿವಿ ಧಂದೆದವರ ಮಗಳಿಗೆ ಇದಕ್ಕಿಂತ ದೊಡ್ಡ ಅಪಮಾನ ಇಲ್ಲ. ಹೂವ ಕಿತಗೊಂಡೆ, ಖಾಲಿ ಪಾಕೀಟು ಹುಡುಕಿ ತಗದೆ, "ಅಕ್ಕಲಕೋಟಿಗೆ ಹೋಗಿ ಬರ್ತೀನಿ" ಅಂದೆ.

ನಮ್ಮ ಮನಿಯವರು ನಕ್ಕೋತ, "ಮಾಲು ವಾಪಸ್ ಮಾಡಾಕ ಹೊಂಟಿ ಏನ?" ಅಂದ್ರು. ಅತ್ತಿಯವರು ಮಾತ್ರ ಗಾಬರಿಯಾದ್ರು. "ಯಾಕವಾ, ಹೋಗಲಿ ಬಿಡು. ಚೆಂಡು ಹೂವ ಏನ ಕೆಟ್ಟದ್ದೇನ? ದೇವರಿಗೆ ಏರತದ, ಬಾಗಲಿಗೆ ಆಗತದ. ಬಿಸಲಾಗ ಎಲ್ಲಿ ಹೋಗತಿ?" ಅಂತ ಬಾಗಲ ತನಕ ಹಿಂದಿಂದ ಬಂದ್ರು. ಎಂದೂ ಇಷ್ಟು ಮೆತ್ತಗ ಮಾತಾಡಿದವರಲ್ಲ. "ನೀವ ಸುಮ್ನಿರ್ರಿ ಅತ್ತಿ, ಇವತ್ತ ಅವನ್ನ ಬಿಡಾಕಿಲ್ಲ ನಾ" ಅಂತ ಎಸ್ಟಿ ಬಸ್ಸು ಹತ್ತಿದೆ.

ಆತ ಅಲ್ಲೇ ಇದ್ದ, ಅದ ಛತ್ರಿ, ಅದ ನೀಲಿ ಪಾಕೀಟು. ನಾ ಚೆಂಡು ಹೂವ ಅವನ ಮೂಗಿನ ಮುಂದ ಹಿಡದು ಬಾಯಿಗೆ ಬಂದಂಗ ಬೈದೆ. ಎದುರಿಗೆ ಚುರಮುರಿ ಮಾರಾಂವ ಚುರಮುರಿ ಕಲಸೂದು ಬಿಟ್ಟು ನೋಡಾಕ ಹತ್ತಿದ. ಇಬ್ಬರು ಹೆಣ್ಣಮಕ್ಕಳು ಬೀಜ ತಗೊಳ್ಳಾಕ ಬಗ್ಗಿದ್ದವರು ಎದ್ದು ನಿಂತ್ರು. ಬೀಜದವ ಪಾಕೀಟು ನೋಡಿದ, ಹೂವ ನೋಡಿದ, ಖರೇನ ಅವನ ಮುಖದಾಗ ಆಶ್ಚರ್ಯ ಇತ್ತು.

"ಇದು ನನ್ನ ಪಾಕೀಟಿನಾಗಿಂದ ಬಂತಾ? ಸಾಧ್ಯನ ಇಲ್ಲರಿ ತಾಯಿ!"

"ಮತ್ತ ಸುಳ್ಳು ಹೇಳತಿ?"

"ದೇವರಾಣಿ ಹೇಳತೀನಿ! ಇಲ್ಲೀ ತನಕ ಈ ಪಾಕೀಟಿನಾಗಿಂದ ಯಾರಿಗೂ ಏನೂ ಹುಟ್ಟಿಲ್ಲರಿ!"

ಅಂದು ನಾಲಗಿ ಕಚ್ಚಿಕೊಂಡ. ಚುರಮುರಿಯವ ಹೋ ಅಂತ ನಕ್ಕ. ಆ ಹೆಣ್ಣಮಕ್ಕಳು ಸೆರಗು ಬಾಯಿಗೆ ಇಟಗೊಂಡು ಸರದು ಹೋದ್ರು. ಆತ ಜೀವ ಉಳಿಸಿಕೊಳ್ಳಾಕ ಖರೇ ಹೇಳಿಬಿಟ್ಟಿದ್ದ, ಅದು ನೋಡಿದ್ರ ತಿಳೀತಿತ್ತು. ನನಗ ನಗಿನೂ ಬಂತು. ಆದ್ರ ಪಾಕೀಟಿನಾಗಿಂದ ಹುಟ್ಟಿಲ್ಲಾಂದ್ರ ಬಟ್ಟಲದಾಗ ಎದ್ದದ್ದು ಏನು?

ವಾಪಸ್ ಬಸ್ಸಿನಾಗ ಕಿಟಕಿ ಬಾಜೂಕ ಕೂತು ಇದನ್ನ ಯೋಚನಿ ಮಾಡಿದೆ. ಭಾಳ ಹೊತ್ತು ಹಿಡೀಲಿಲ್ಲ. ಘಟ್ಟಕ್ಕ ನೀರು ಹನಿಸಾಕ ಅತ್ತಿ ಒಬ್ಬರ ಕೈ ಮುಟ್ಟತದ. ಸೊಲ್ಲಾಪುರ ಬರೂತನ ನನ್ನ ಸಿಟ್ಟು ಛತ್ರಿಯವನ್ನ ಬಿಟ್ಟು ಮನಿ ಕಡೆ ಹೊಳ್ಳಿತ್ತು.

ಅತ್ತಿ ಗಚ್ಚಿ ಮ್ಯಾಲೆ ಮೆಂತ್ಯೆ ಚಿವಟಾಕ ಹತ್ತಿದ್ರು. ನಾ ಎದುರಿಗೆ ಹೋಗಿ ಹೂವ ಅವರ ಬುಟ್ಟ್ಯಾಗ ಇಟ್ಟೆ.

"ನೀವ ಹಾಕೀರಲ್ಲ?"

ಅವರು ತಲಿ ಎತ್ತಲಿಲ್ಲ. "ಹ್ಞೂಂ" ಅಂದ್ರು.

"ಎಂದ?"

"ಮೊದಲನೇ ದಿನ. ನಿನ್ನ ಪಾಕೀಟಿನಾಗಿಂದು ಬೀಜ ಅಲ್ಲವಾ ಅದು. ಕಸಾ. ಕೈಗೆ ತಗೊಂಡ ಕೂಡ್ಲೆ ತಿಳೀತು. ಗಣಪ್ಪಗ ಹಾಕಿದ್ದ ಚೆಂಡು ಹೂವಿನ ಹಾರ ಒಣಗಿಸಿ ಇಟ್ಟಿದ್ದೆ, ಅದರಾಗಿನ ಎರಡು ಹೂವ ಮುರದು ಹಾಕಿದೆ."

"ತಿಳದಿತ್ತಂದ್ರ ನನಗ ಹೇಳಬೇಕಿಲ್ಲೇನ್ರಿ? ನಾ ಬ್ಯಾರೆ ತರ್ತಿದ್ದೆ!" ನನ್ನ ದನಿ ಬಾಜೂ ಗಚ್ಚಿ ತನಕ ಮುಟ್ಟಿತು. "ಊರ ತುಂಬ ನೀಲಿ ಹೂವ ಅಂತ ಸಾರೀನಿ. ಅದು ಹೋಗಲಿ. ಒಂದ ಟಬ್ಬು ಕೇಳಿದ್ದೆ ನಾ ನಿಮ್ಮನ್ನ. ಇಷ್ಟು ವರ್ಷದಾಗ ಒಂದ ಟಬ್ಬು. ಅದರಾಗೂ ನಿಮ್ಮ ಬೀಜಾನ ಹುಟ್ಟಬೇಕೇನ್ರಿ?"

ಅಂದು ಅತ್ತುಬಿಟ್ಟೆ. ಅಳೂದು ನನಗ ಬರೂದಿಲ್ಲ, ಬಂದ್ರ ಅಸಹ್ಯ ಆಗಿ ಬರ್ತದ, ಮೂಗು ಕೆಂಪಗ ಆಗಿ, ದನಿ ಒಡದು. ಅತ್ತಿ ಮೆಂತ್ಯೆ ಬಿಟ್ಟು ಕೈ ಒರಿಸಿಕೊಂಡ್ರು.

"ಬಟ್ಟಲ ಬೋಳ ಇದ್ದಿತ್ತಂದ್ರ ನೀ ಮತ್ತ ಕೇಳತಿದ್ದಿಲ್ಲ" ಅಂದ್ರು. "ನನ್ನ ಬಾಯಿಲೆ ನಾನ ಅಂದಿದ್ದೆ, ಈ ಜನ್ಮದಾಗ ಸುದ್ದಿ ತಗೀಬಾರದು ಅಂತ. ಅಂದಮ್ಯಾಲೆ ದೇವಿ ಮುಂದ ಹೆಂಗ ತಿರಗ್ಲಿ? ಅದಕ್ಕ ಹಿಂಗ ಮಾಡಿದೆ."

"ದೇವಿ ಮುಂದ ಸುಳ್ಳು ಮಾಡಿದ್ರಿ?"

"ಮಾಡಿದೆ. ಆಕಿಗೇನ ಕಣ್ಣಿಲ್ಲೇನ? ನೋಡ್ಯಾಳ. ಏನ ಕೊಡತಾಳ ಕೊಡಲಿ."

ನಮ್ಮ ಅತ್ತಿ ಒಂಬತ್ತು ದಿನ ಹಾಸಿಗಿ ಮ್ಯಾಲೆ ಮಲಗೂದಿಲ್ಲ, ಕಾಲಾಗ ಚಪ್ಪಲಿ ಹಾಕೂದಿಲ್ಲ, ಆರತಿ ಆಗೂತನ ಒಂದ ಹನಿ ನೀರು ಕುಡಿಯೂದಿಲ್ಲ. ಅಂಥವರು ಉರಿಯೂ ದೀಪದ ಮುಂದ ಕೂತು ನನ್ನ ಬಟ್ಟಲದಾಗ ಕಳ್ಳ ಬೀಜ ಹಾಕ್ಯಾರ ಅನ್ನೂದು ನನ್ನ ತಲ್ಯಾಗ ಕೂಡ್ರಲಿಲ್ಲ. "ಯಾಕ್ರಿ ಆದ್ರೂ?" ಅಂದೆ.

ಅತ್ತಿ ಚೆಂಡು ಹೂವ ಬುಟ್ಟಿಯಿಂದ ಎತ್ತಿ ಉಡ್ಯಾಗ ಇಟಗೊಂಡ್ರು. ಆಮ್ಯಾಲೆ ಹೇಳಿದ್ರು. ಅವರು ಈ ಮನಿಗೆ ಹೊಸದಾಗಿ ಬಂದ ವರ್ಷ, ಹನ್ನೂರಿನ ಘಟ್ಟದ ಸುದ್ದಿ ತಮ್ಮ ಅತ್ತಿಗೆ ಹೇಳಿ, ತಾವೂ ಒಂದು ಹೂವಿನ ಬೀಜ ಬಟ್ಟಲದಾಗ ಇಟ್ಟಿದ್ರಂತ. ಅದು ಏಳಲಿಲ್ಲ. ಅವರ ಅತ್ತಿ ದಸರಾದ ದಿನ ನಾಕು ಮಂದಿ ಮುಂದ ಬಟ್ಟಲ ಬೋರಲ ಹಾಕಿ, "ದೇವಿನ ಬ್ಯಾಡ ಅಂದಾಳ, ಇನ್ನ ಕೇಳಬ್ಯಾಡ" ಅಂದ್ರಂತ.

"ಆಮ್ಯಾಲೆ ನಾ ಏನೂ ಕೇಳಲಿಲ್ಲ ನೋಡವಾ. ಹೂವಂತಲ್ಲ, ಏನೂ. ಅವರು ಹಾಕಂದದ್ದು ಹಾಕ್ಕೋತ ಬಂದೆ. ಮುಂದ ಅವರು ಹೋದ್ರು, ಕಾಯ್ದೆ ನನಗ ಬಂತು. ನಡಿಸಿದೆ."

ನನ್ನ ಸಿಟ್ಟು ಎಲ್ಲಿ ಹೋತೋ ಗೊತ್ತಿಲ್ಲ. ಬದಾಮಿ ಗ್ವಾಡಿ, ಬದಾಮಿ ಪಡದೆ ನೋಡಿ ನೋಡಿ ನನಗೊಬ್ಬಾಕಿಗೇ ಬ್ಯಾಸರಾಗ್ಯದ ಅಂತ ನಾ ತಿಳದಿದ್ದೆ.

"ಯಾವ ಹೂವ ಇಟ್ಟಿದ್ರಿ ಅತ್ತಿ?"

ಅವರು ಭಾಳ ಹೊತ್ತು ನೆನಪು ಮಾಡಿದ್ರು. ಹಣಿಗೆ ಕೈ ಹಚ್ಚಿದ್ರು, ಆಕಾಶ ನೋಡಿದ್ರು. "ಮರತೇನಿ ನೋಡವಾ" ಅಂದ್ರು. "ಕೇಳಿದ್ದು ಕೊಡಲಿಲ್ಲ ಅನ್ನೂದಷ್ಟ ನೆನಪದ. ಏನ ಕೇಳಿದ್ದೆ ಅನ್ನೂದು ಹೋಗಿಬಿಟ್ಯದ."

ಸಂಕ್ರಾಂತಿ ಆದಮ್ಯಾಲೆ ಬ್ಯಾಸಗಿ ಕಾಯಿಪಲ್ಲೆ ಬೀಜ ತರಾಕ ಮಾರ್ಕೆಟ್ ಯಾರ್ಡ ಹಂತೇಕಿನ ಬೀಜದ ಅಂಗಡಿಗೆ ಹೋಗೂದಿತ್ತು. ಯಾವಾಗಲೂ ಅತ್ತಿ ಹೇಳಿ ಕಳಸೋರು, ನಾ ತರಾಕಿ. ಈ ಸಲ ಅವರನ್ನೂ ರಿಕ್ಷಾದಾಗ ಕೂಡ್ರಿಸಿಕೊಂಡು ಹೋದೆ. ಹೂವಿನ ಬೀಜಾನೂ ತರೂಣು, ಘಟ್ಟದ ಪರೀಕ್ಷಾ ಅಂದ್ರ ನವರಾತ್ರಿ ಬರಬೇಕು, ಅಷ್ಟು ದಿನ ನನಗ ತಡಕೊಳ್ಳಾಕ ಆಗೂದಿಲ್ಲ ಅಂತ ಮೊದಲ ಹೇಳಿದ್ದೆ. "ನೀ ಮಾಡಿದ್ದೇ ಖರೇ" ಅಂತ ಬೈಕೋತ ಬಂದ್ರು.

ಅಂಗಡ್ಯಾಗ ಬೆಂಡಿ, ಸವತಿ, ಹಾಗಲಕಾಯಿ ಬೀಜ ಆರಸಾಕ ಅವರಿಗೆ ಒಂದ ಚಣಾನೂ ಹಿಡೀಲಿಲ್ಲ. ಪಾಕೀಟು ಹೊಳ್ಳಿಸಿ ತಿಂಗಳ ನೋಡತಾರ, ಕಿವಿ ಹಂತೇಕ ಅಲ್ಲಾಡಿಸಿ ನೋಡತಾರ, "ಇದು ಹ್ವಾದ ವರ್ಷದ್ದು, ಇದನ್ಯಾಕ ಮುಂದ ಇಟ್ಟಿ?" ಅಂತ ಅಂಗಡಿಯವನ್ನ ಗದರಸತಾರ. ಆತ ಗಪ್ಪಗ ಒಳಗಿಂದ ಬ್ಯಾರೆ ತಂದು ಕೊಟ್ಟ. ಕಾಯಿಪಲ್ಲೆ ಮುಗದಮ್ಯಾಲೆ ನಾ ಅವರ ರಟ್ಟಿ ಹಿಡದು ಆ ಕಡೆ ಗ್ವಾಡಿಗೆ ತೂಗಹಾಕಿದ್ದ ಹೂವಿನ ಪಾಕೀಟಿನ ಮುಂದ ಒಯ್ದು ನಿಲ್ಲಿಸಿದೆ.

"ಇದರಾಗ ನೀವ ಒಂದು ಆರಸ್ರಿ."

"ನಂಗ್ಯಾಕ?"

"ಆರಸ್ರಿ ಅತ್ತಿ."

ಅಂಗಡಿಯವನ್ನ ಗದರಿಸಿದ ಅದ ಹೆಂಗಸು ಅಲ್ಲೆ ನಿಂತ್ರು. ಒಂದು ಪಾಕೀಟಿಗೆ ಕೈ ಹಾಕಾಕ ಹೋದ್ರು, ಕೈ ಹಿಂದಕ್ಕ ತಗೊಂಡ್ರು. ಸೆರಗಿಗೆ ಬೆರಳು ಒರಿಸಿಕೊಂಡ್ರು. ಮತ್ತೊಂದು ಮುಟ್ಟಿದ್ರು. "ಯಾವುದು ತಗೊಳ್ಳಲಿ?" ಅಂತ ನನ್ನ ಮುಖಾ ನೋಡಿದ್ರು. ಯಾವ ಬಣ್ಣದ ಬಾಜೂಕ ಯಾವುದು ಒಪ್ಪತದ ಅಂತ ನನ್ನ ನಾಲಗಿ ಮ್ಯಾಲೆ ಕುಣೀತಿತ್ತು. ನಾ ಬಾಯಿ ಬಿಡಲಿಲ್ಲ. ಅಂಗಡಿಯವ ನಡುವ ಏನೋ ಹೇಳಾಕ ಬಂದ, ಅವನಿಗೂ ಕಣ್ಣಿಲೆ ಗಪ್ಪ ಇರು ಅಂದೆ. ಗಿರಾಕಿ ಬಂದ್ರು, ಹೋದ್ರು. ಹೊರಗ ರಿಕ್ಷಾದವ ಹಾರ್ನ ಹೊಡದ.

ಕಡೀಕ ಅವರು ಗುಲಾಬಿ ಬಣ್ಣದ್ದೊಂದು ತಗದ್ರು. ತಗದು ನಿಂತ್ರು. ಹೊರಡಲಿಲ್ಲ. ಬಾಜೂಕ ಬಿಳೇದರ ಮ್ಯಾಲೆ ಕೆಂಪು ಗೀರು ಇದ್ದದ್ದೊಂದು ಇತ್ತು. ಅದರ ಹೆಸರ ಅವರಿಗೂ ಗೊತ್ತಿಲ್ಲ, ನನಗೂ ಗೊತ್ತಿಲ್ಲ. ಅದನ್ನೂ ಮೆಲ್ಲಕ ತಗದು, ಎರಡೂ ಎದಿಗೆ ಹಿಡಕೊಂಡು, ನನ್ನ ಹಂತೇಕ ಬಂದು ಸಣ್ಣ ದನಿಲೆ ಕೇಳಿದ್ರು.

"ಎರಡ ತಗೊಂಡ್ರ ನಡೀತದೇನವಾ?"

"ಅತ್ತಿ, ನನ್ನನ್ನ್ಯಾಕ ಕೇಳತೀರಿ?" ಅಂದೆ. "ಮನಿ ನಿಮ್ಮದು, ಗಚ್ಚಿ ನಿಮ್ಮದು."

"ಮತ್ತ ಯಾರನ್ನರ ಕೇಳಬೇಕಲ್ಲ" ಅಂದ್ರು ಅವರು.